ಸೋಸಿದ ಎಣ್ಣೆ

ವಾರ್ಷಿಕ ಸಂಚಿಕೆಯ ಮಕ್ಕಳು ಬಂದು, "ಈ ಸಲ ಯಾವುದರ ಬಗ್ಗೆ ಬರೆಯುತ್ತೀರಿ ಸರ್?" ಎಂದು ಕೇಳಿದಾಗ "ಎಂಜಿನ್ ಆಯಿಲ್" ಎಂದೆವು. ಮಕ್ಕಳು ನಕ್ಕರು. ಕನ್ನಡ ಅಧ್ಯಾಪಕರು ಪಂಪನನ್ನೋ ಮಂಜೇಶ್ವರದ ಗೋವಿಂದ ಪೈಗಳನ್ನೋ ಬಿಟ್ಟು ಗ್ಯಾರೇಜಿಗೆ ನುಗ್ಗಿದ್ದೇಕೆ ಎಂದು ಹೆತ್ತವರೂ ಹುಬ್ಬೇರಿಸಬಹುದು. ನಾವು ಅಲ್ಲಿಗೆ ಹೋದದ್ದು ಒಂದು ಶಬ್ದದ ಬೆನ್ನು ಹಿಡಿದು. ಆ ಶಬ್ದವನ್ನು ತಪ್ಪಾಗಿ ಕನ್ನಡಿಸಿದವರು ನಾವೇ. ಅದಕ್ಕೆ ದಂಡ ತೆತ್ತವರು ಮಾತ್ರ ನಮ್ಮ ಶಾಲೆಯ ಹುಡುಗಿಯೊಬ್ಬಳ ತಂದೆ. ಅವರು ರಿಕ್ಷಾ ಓಡಿಸುತ್ತಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. "ಆದ್ರೆ ಬರೆಯಿರಿ ಮಾಸ್ಟ್ರೇ, ನಾಲ್ಕು ಜನ ಓದ್ಲಿ" ಎಂದೂ ಹೇಳಿದ್ದಾರೆ.

2023ರ ಆಟಿ ತಿಂಗಳು. ಸಂಜೆಯ ಮಳೆ ಬಿಡುವ ಲಕ್ಷಣವಿರಲಿಲ್ಲ. ನಮ್ಮ ಬೈಕನ್ನು ಶಾಲೆಯ ಮಾಡಿನಡಿಯಲ್ಲೇ ಬಿಟ್ಟು ಇವರ ರಿಕ್ಷಾ ಹತ್ತಿದೆವು. ದಾರಿಯಲ್ಲಿ ಅವರು ಮಾತು ತೆಗೆದರು. ಬದಿಯಡ್ಕದ ಅಂಗಡಿಯೊಂದರಲ್ಲಿ ಹೊಸ ತರದ ಎಂಜಿನ್ ಆಯಿಲಿನ ಡಬ್ಬಿ ಬಂದಿದೆಯಂತೆ. ತಾವು ಯಾವಾಗಲೂ ಹಾಕುವುದಕ್ಕಿಂತ ಮೂರನೆಯ ಒಂದು ಪಾಲು ಕಡಿಮೆ ಬೆಲೆಯಂತೆ.

"ಇಂಗ್ಲಿಷಿನಲ್ಲಿ ಎಂತದೋ ರೀ-ರಿಫೈನ್ಡ್ ಅಂತ ಬರೆದಿದ್ದಾರೆ ಮಾಸ್ಟ್ರೇ. ಎಂತ ಅದು? ಹಾಕ್ಬಹುದಾ?"

ಅಧ್ಯಾಪಕರನ್ನು ಯಾರಾದರೂ ಒಂದು ಪ್ರಶ್ನೆ ಕೇಳಿದರೆ ಸಾಕು, ಅವರಿಗೆ ತರಗತಿ ಸಿಕ್ಕಿದಂತೆಯೇ. ಮಳೆಯ ಸದ್ದನ್ನು ಮೀರಿಸಿ ನಾವು ಪಾಠ ಆರಂಭಿಸಿದೆವು. ಎಣ್ಣೆ ಎಂಬ ಶಬ್ದ ಎಳ್ಳು ಮತ್ತು ನೆಯ್ ಸೇರಿ ಆದದ್ದು. ಎಳ್ಳಿನಿಂದ ತೆಗೆದದ್ದಕ್ಕೆ ಇದ್ದ ಹೆಸರು ಕಾಲಕ್ರಮದಲ್ಲಿ ತೆಂಗಿನದಕ್ಕೂ ಹೊಂಗೆಯದಕ್ಕೂ ಬಂತು, ಕಡೆಗೆ ನೆಲದಾಳದಿಂದ ಬಂದದ್ದಕ್ಕೂ ಬಂತು. ಮಲಯಾಳದ ಎಣ್ಣ, ತಮಿಳಿನ ಎಣ್ಣೆಯ್ ಎಲ್ಲವೂ ಅದೇ ಮನೆತನದವು, ಇತ್ಯಾದಿ. ಅವರು "ಹೌದಾ" ಎಂದು ಹೂಂಗುಟ್ಟುತ್ತ ಹೊಂಡ ತಪ್ಪಿಸುತ್ತಿದ್ದರು. ಆಮೇಲೆ ವಿಷಯಕ್ಕೆ ಬಂದೆವು. ಎಂಜಿನಿನೊಳಗೆ ಎಣ್ಣೆ ಸವೆದು ಮುಗಿಯುವುದಿಲ್ಲ, ಕೊಳೆಯಾಗುತ್ತದೆ ಅಷ್ಟೆ. ಕೊಳೆ ತೆಗೆದರೆ ಅದು ಮತ್ತೆ ಎಣ್ಣೆಯೇ ಎಂದು ಎಲ್ಲೋ ಓದಿದ್ದನ್ನು ಹೇಳಿದೆವು. ಕೊನೆಗೆ ತೀರ್ಪು ಕೊಟ್ಟೆವು: "ರೀ-ರಿಫೈನ್ಡ್ ಎಂದರೆ ಸೋಸಿದ ಎಣ್ಣೆ. ಧೈರ್ಯದಿಂದ ಹಾಕಿ."

ಈ ಮಾತಿನಲ್ಲಿ ಒಂದು ಶಬ್ದ ಬಿಟ್ಟರೆ ಉಳಿದದ್ದೆಲ್ಲ ಸರಿಯಾಗಿಯೇ ಇತ್ತು.

ಮರುದಿನ ಅವರು ಹೋಗುವಾಗ ಅಂಗಡಿಯಲ್ಲಿ ಆ ಡಬ್ಬಿ ಮುಗಿದಿತ್ತು. ಅದರ ಇಂಗ್ಲಿಷ್ ಹೆಸರು ಅವರಿಗೆ ನೆನಪಿರಲಿಲ್ಲ. ಮಾಸ್ಟ್ರು ಹೇಳಿದ ಕನ್ನಡ ಹೆಸರು ನೆನಪಿತ್ತು. ಕೆಲವು ದಿನಗಳ ಮೇಲೆ ಹೆದ್ದಾರಿ ಬದಿಗೆ ಬಾಡಿಗೆ ಹೋದಾಗ ಬಿಡಿ ಎಣ್ಣೆ ಮಾರುವ ಅಂಗಡಿಯೊಂದರಲ್ಲಿ "ಸೋಸಿದ ಆಯಿಲ್ ಉಂಟಾ?" ಎಂದು ಕೇಳಿದರು. "ಉಂಟಲ್ಲ" ಎಂದು ಅಂಗಡಿಯವನು ಪೀಪಾಯಿಯಿಂದ ತುಂಬಿಸಿ ಕೊಟ್ಟ. ಬೆಲೆ ಅರ್ಧಕ್ಕಿಂತಲೂ ಕಡಿಮೆ. ಅವನು ಸುಳ್ಳು ಹೇಳಿದನೆಂದು ನಾವು ಈಗಲೂ ಹೇಳಲಾರೆವು. ಲಾರಿಗಳಿಂದ ಇಳಿಸಿದ ಹಳೆಯ ಎಣ್ಣೆಯನ್ನು ನಾಲ್ಕು ದಿನ ತಿಳಿಯಾಗಲು ಇಟ್ಟು, ಬಟ್ಟೆಯಲ್ಲಿ ಸೋಸಿದ್ದರು. ಕೇಳಿದ್ದನ್ನೇ ಕೊಟ್ಟಿದ್ದ.

ಓಣಂ ರಜೆ ಮುಗಿದು ಶಾಲೆ ತೆರೆದಿತ್ತು. ಎಂಟನೆಯ ತರಗತಿಯಲ್ಲಿ ನಮ್ಮದು ಎರಡನೆಯ ಪೀರಿಯಡ್. ಅರ್ಧ ಪಾಠವಾಗಿತ್ತು, ಬಾಗಿಲಲ್ಲಿ ಆ ಹುಡುಗಿ, ಅವಳ ಹಿಂದೆ ರಿಕ್ಷಾದಲ್ಲಿ ಬರುವ ಇನ್ನಿಬ್ಬರು. ಚಡಾವಿನಲ್ಲಿ ಚೀಲ ಹೊತ್ತು ನಡೆದು ಬೆವತಿದ್ದರು.

"ಅಪ್ಪನ ರಿಕ್ಷಾ ಜಾಮ್ ಆಯ್ತು ಸರ್."

"ಕುಳಿತುಕೊಳ್ಳಿ" ಎಂದು ನಾವು ಪಾಠ ಮುಂದುವರಿಸಿದೆವು. ಆಗ ನಮಗೆ ಏನೂ ಹೊಳೆಯಲಿಲ್ಲ.

ಸಂಜೆ ಗ್ಯಾರೇಜಿನ ಮುಂದೆ ಹಾದು ಹೋಗುವಾಗ ರಿಕ್ಷಾ ನಿಂತದ್ದು ಕಂಡು ಒಳಗೆ ಹೋದೆವು. ಅದರ ಎಂಜಿನು ಬಿಚ್ಚಿ ಗೋಣಿಯ ಮೇಲೆ ಹರಡಿತ್ತು. ಮೇಸ್ತ್ರಿಗಳು ಹಳಬರು, ಮನೆಯ ಮಾತು ಮಲಯಾಳ, ಗಿರಾಕಿಗಳೊಡನೆ ತುಳು, ನಮ್ಮೊಡನೆ ಕನ್ನಡ. ಅವರು ತಳದ ತೊಟ್ಟಿಯಿಂದ ಬೆರಳಲ್ಲಿ ಎತ್ತಿ ತೋರಿಸಿದ್ದು ಎಣ್ಣೆಯಂತಿರಲಿಲ್ಲ, ಜೋನಿಬೆಲ್ಲದಂತಿತ್ತು.

"ಇದು ಓಯಿಲ್ ಅಲ್ಲ ಮಾಷೇ, ಕರಿ ಓಯಿಲ್. ಬೇಲಿಯ ಗೂಟಕ್ಕೆ ಬಳಿಯುವಂಥದ್ದು. ನೋಡಿ, ಬೇರಿಂಗ್ ಹೋಗಿದೆ, ಪಿಸ್ಟನ್ ಹಿಡಿದಿದೆ, ಸಿಲಿಂಡರಿನಲ್ಲಿ ಗೀರು." ಆಮೇಲೆ ರಿಕ್ಷಾದವರ ಕಡೆ ತಿರುಗಿ, "ಯಾರು ಹೇಳಿದ್ದು ನಿಮಗೆ ಇದನ್ನು ಹಾಕ್ಲಿಕ್ಕೆ?" ಎಂದರು.

ಅವರು ನಮ್ಮ ಮುಖ ನೋಡಲಿಲ್ಲ. ಸ್ಪಾನರುಗಳನ್ನು ನೋಡುತ್ತ, "ಯಾರೋ ಹೇಳಿದ್ರು" ಎಂದರು.

ಇಪ್ಪತ್ತು ವರ್ಷಗಳ ಅಧ್ಯಾಪನದಲ್ಲಿ ನಾವು ಎಷ್ಟೋ ಮಕ್ಕಳ ಬಾಯಿಂದ ತಪ್ಪು ಒಪ್ಪಿಸಿದ್ದೇವೆ. ಆ ಸಂಜೆ ನಮ್ಮ ಬಾಯಿ ಬರಲಿಲ್ಲ. ಕೊಡೆ ಬಿಡಿಸಿಕೊಂಡು ಮನೆಗೆ ಹೋದೆವು.

ರಿಕ್ಷಾ 19 ದಿನ ಗ್ಯಾರೇಜಿನಲ್ಲಿತ್ತು. ಖರ್ಚು 23,000 ರೂಪಾಯಿ. ರಿಕ್ಷಾದ ಸಾಲದ ಕಂತು ಬೇರೆ. ಎರಡನೆಯ ವಾರ ತರಗತಿಯಲ್ಲಿ ಹಾಜರಿ ಕರೆಯುವಾಗ ಆ ಹುಡುಗಿಯ ಕಿವಿಯತ್ತ ಕಣ್ಣು ಹೋಯಿತು. ಓಲೆ ಇರಲಿಲ್ಲ, ತೂತು ಮುಚ್ಚಿಹೋಗದಂತೆ ಹಿಡಿಸೂಡಿಯ ಕಡ್ಡಿ ಮುರಿದು ಸಿಕ್ಕಿಸಿದ್ದರು. ಓಲೆ ಎಲ್ಲಿಗೆ ಹೋಗಿರಬಹುದೆಂದು ನಮ್ಮೂರಿನಲ್ಲಿ ಯಾರೂ ಕೇಳಿ ತಿಳಿಯಬೇಕಾಗಿಲ್ಲ. ಸೊಸೈಟಿಯ ಕಪಾಟಿಗೆ.

ಆ ಸಂಜೆಯೇ ಅವರ ಮನೆಗೆ ಹೋಗಿ ಹೇಳಬೇಕಾದದ್ದನ್ನು ಹೇಳಿದೆವು. ಅವರು, "ಗೊತ್ತುಂಟು ಮಾಸ್ಟ್ರೇ. ನೀವು ಹೇಳಿದ್ದು ಆ ಡಬ್ಬಿಯ ವಿಷಯ, ನಾನು ತಂದದ್ದು ಪೀಪಾಯಿಯದ್ದು. ಅರ್ಧ ತಪ್ಪು ನಂದು" ಎಂದರು. ಹಣ ಕೊಡಹೋದರೆ ಒಪ್ಪಲಿಲ್ಲ; ಸಾಲವಾದರೆ ಸರಿ ಎಂದು 10,000 ತೆಗೆದುಕೊಂಡು ಐದು ಕಂತಿನಲ್ಲಿ ತಪ್ಪದೆ ಹಿಂದಿರುಗಿಸಿದರು. ಅಂಗಳಕ್ಕೆ ಇಳಿಯುವಾಗ ಅವರು ಕೇಳಿದ ಪ್ರಶ್ನೆ ಮಾತ್ರ ನಮ್ಮನ್ನು ಬಹಳ ದಿನ ಬಿಡಲಿಲ್ಲ: "ಹಾಗಾದ್ರೆ ಆ ಡಬ್ಬಿಯದ್ದು ಸೋಸಿದ್ದಲ್ವಾ?"

ಉತ್ತರ ಸಿಕ್ಕಿದ್ದು ನಮ್ಮ ಶಾಲೆಯ ಅಧ್ಯಾಪಕರ ಕೊಠಡಿಯಲ್ಲೇ. ವಿಜ್ಞಾನದ ಅಧ್ಯಾಪಕಿಯವರಿಗೆ ಕಥೆ ಹೇಳಿದಾಗ ಅವರು ಒಂದೇ ಮಾತು ಕೇಳಿದರು: "ಕುಂಬಳೆಯ ಕಡಲಿನ ನೀರನ್ನು ಬಟ್ಟೆಯಲ್ಲಿ ಸೋಸಿದರೆ ಉಪ್ಪು ಹೋಗ್ತದಾ ಸರ್?" ಹೋಗುವುದಿಲ್ಲ. ಮರಳು ಹೋದೀತು, ಕಸ ಹೋದೀತು, ನೀರು ತಿಳಿಯಾದೀತು, ಕುಡಿಯಲಿಕ್ಕಾಗದು. ಅದೇ ಕಡಲಿನ ನೀರು ಆವಿಯಾಗಿ ಮೇಲೆ ಹೋಗಿ ಮಳೆಯಾಗಿ ಬಿದ್ದರೆ ನಮ್ಮ ಬಾವಿಯ ಸಿಹಿನೀರು.

ಎಂಜಿನ್ ಎಣ್ಣೆಯ ಕಥೆಯೂ ಅದೇ. ಓಡುವ ಎಂಜಿನಿನಲ್ಲಿ ಅದಕ್ಕೆ ಮಸಿ ಸೇರುತ್ತದೆ, ಲೋಹದ ನುಣ್ಣನೆಯ ಪುಡಿ ಸೇರುತ್ತದೆ. ಉರಿಯದೆ ಉಳಿದ ಇಂಧನ, ನೀರಿನ ಪಸೆ, ಲೋಹವನ್ನು ತಿನ್ನುವ ಆಮ್ಲಗಳು ಸೇರುತ್ತವೆ. ಇವುಗಳಲ್ಲಿ ಬಟ್ಟೆ ತಡೆಯುವುದು ದಪ್ಪ ಕಸವನ್ನು ಮಾತ್ರ. ಇನ್ನೊಂದು ಸಂಗತಿ ನಮಗೆ ಹೊಸತು. ಡಬ್ಬಿಯಲ್ಲಿ ನಾವು ಕೊಳ್ಳುವುದು ಬರಿಯ ಎಣ್ಣೆಯಲ್ಲ. ಮೂಲ ಎಣ್ಣೆಗೆ ಮಸಿಯನ್ನು ತೇಲಿಸಿ ಹಿಡಿಯುವ, ತುಕ್ಕು ತಡೆಯುವ, ಸವೆತ ತಗ್ಗಿಸುವ, ಬಿಸಿಯಲ್ಲಿ ತೀರಾ ತೆಳುವಾಗದಂತೆ ನೋಡಿಕೊಳ್ಳುವ ಮದ್ದುಗಳನ್ನು ಬೆರೆಸಿರುತ್ತಾರೆ. ಎಣ್ಣೆ ಸಾಯುವುದಿಲ್ಲ ಎಂದು ನಾವು ಮಳೆಯಲ್ಲಿ ಕೂಗಿ ಹೇಳಿದ್ದು ನಿಜ; ಈ ಮದ್ದುಗಳು ಮಾತ್ರ ಸಾಯುತ್ತವೆ. ಸೋಸಿದ ಎಣ್ಣೆಯಲ್ಲಿ ಅವು ಮತ್ತೆ ಹುಟ್ಟುವುದಿಲ್ಲ.

ಕಾರ್ಖಾನೆಯಲ್ಲಿ ಮಾಡುವುದು ಬೇರೆಯೇ ಕೆಲಸ. ಹಳೆಯ ಎಣ್ಣೆಯನ್ನು ಮೊದಲು ಕಾಯಿಸಿ ನೀರನ್ನೂ ಇಂಧನವನ್ನೂ ಹಾರಿಸುತ್ತಾರೆ. ಆಮೇಲೆ ಗಾಳಿ ತೆಗೆದ ಪಾತ್ರೆಯಲ್ಲಿ ಆ ಎಣ್ಣೆಯನ್ನೇ ಆವಿಯಾಗಿಸಿ ಇಳಿಸುತ್ತಾರೆ. ಗಾಳಿ ತೆಗೆಯುವುದೇಕೆಂದರೆ, ಒತ್ತಡ ಕಡಿಮೆಯಾದರೆ ಕಡಿಮೆ ಬಿಸಿಗೇ ಅದು ಆವಿಯಾಗುತ್ತದೆ. ಇಲ್ಲವಾದರೆ ಆವಿಯಾಗುವ ಮೊದಲೇ ಸುಟ್ಟು ಒಡೆದುಹೋಗುತ್ತದೆ. ಮಸಿ, ಲೋಹ, ಹಳೆಯ ಮದ್ದಿನ ಉಳಿಕೆ ಎಲ್ಲ ತಳದಲ್ಲಿ ಡಾಂಬರಿನಂತೆ ನಿಲ್ಲುತ್ತದೆ. ಇಳಿದ ಎಣ್ಣೆಯನ್ನು ವಿಶೇಷ ಜೇಡಿಮಣ್ಣಿನಿಂದಲೋ ಹೈಡ್ರೋಜನ್ ಅನಿಲದಿಂದಲೋ ಇನ್ನಷ್ಟು ಶುದ್ಧಮಾಡಿ ಹೊಸ ಮದ್ದು ಬೆರೆಸುತ್ತಾರೆ. ಹಿಂದೆ ಗಂಧಕಾಮ್ಲ ಹಾಕಿ ಶುದ್ಧಮಾಡುವ ಪದ್ಧತಿಯಿತ್ತು. ಅದರಿಂದ ಹುಟ್ಟುವ ಆಮ್ಲದ ಕೆಸರು ಎಣ್ಣೆಗಿಂತಲೂ ಕೆಟ್ಟದ್ದು. ಹೀಗೆ ಸರಿಯಾಗಿ ಮಾಡಿದ ಎಣ್ಣೆ ಹೊಸದಕ್ಕೆ ಇರುವ ಪರೀಕ್ಷೆಗಳನ್ನೇ ಪಾಸು ಮಾಡಬೇಕು. ಇದಕ್ಕೆಂದು ಸುಲಭದ ಬೇರೆ ಪ್ರಶ್ನೆಪತ್ರಿಕೆ ಇಲ್ಲ. ಅಮೆರಿಕದಲ್ಲಿ 1993ರಲ್ಲಿಯೇ ಸರಕಾರದ ಇಲಾಖೆಗಳು ಇಂಥ ಎಣ್ಣೆಯನ್ನು ಕೊಳ್ಳಬೇಕೆಂದು ಅಧ್ಯಕ್ಷರ ಆಜ್ಞೆ ಹೊರಟಿತ್ತು. ಅಲ್ಲಿನ ಪರಿಸರ ಇಲಾಖೆಯ ಒಂದು ಲೆಕ್ಕ ನಮಗೆ ಬಹಳ ಹಿಡಿಸಿತು: 159 ಲೀಟರ್ ಕಚ್ಚಾ ಎಣ್ಣೆಯಿಂದ ಸಿಗುವ ಎಂಜಿನ್ ಎಣ್ಣೆ ಎರಡೂವರೆ ಲೀಟರಿಗೂ ಕಡಿಮೆ, ಅಷ್ಟೇ ಎಣ್ಣೆಯನ್ನು 4 ಲೀಟರ್ ತುಂಬದ ಹಳೆಯ ಎಣ್ಣೆಯಿಂದ ತೆಗೆಯಬಹುದು.

ಆದ್ದರಿಂದ ತಪ್ಪು ಎಣ್ಣೆಯದಲ್ಲ, ಅನುವಾದದ್ದು. ಸೋಸುವುದು ಬೇರೆ, ಭಟ್ಟಿ ಇಳಿಸುವುದು ಬೇರೆ. ಎರಡೂ ಶಬ್ದಗಳು ಕನ್ನಡದಲ್ಲಿ ಇದ್ದವು. ನಾವು ಹತ್ತಿರ ಸಿಕ್ಕಿದ್ದನ್ನು ಎತ್ತಿಕೊಂಡಿದ್ದೆವು. ಹತ್ತರವರೆಗೆ ಕನ್ನಡದಲ್ಲಿ, ಮುಂದೆ ಇಂಗ್ಲಿಷಿನಲ್ಲಿ ಕಲಿತು, ಪೇಟೆಯಲ್ಲಿ ಮಲಯಾಳ ಆಡುವ ನಮ್ಮಂಥವರಿಗೆ ಒಂದು ಭಾಷೆಯಿಂದ ಇನ್ನೊಂದಕ್ಕೆ ಜಿಗಿಯುವುದು ಸಂಕ ದಾಟಿದಷ್ಟು ರೂಢಿ. ರೂಢಿಯಿರುವ ಸಂಕದಲ್ಲಿ ಯಾರೂ ಕಾಲಿನ ಕಡೆ ನೋಡುವುದಿಲ್ಲ.

ಸರಿಯಾದ ಶಬ್ದ ಯಾವುದೆಂದು ಅವರ ಮನೆಯ ಜಗಲಿಯಲ್ಲೇ ಒಂದು ಸಂಜೆ ಚರ್ಚೆಯಾಯಿತು. ನಾವು 'ಪುನಃಶುದ್ಧೀಕೃತ ತೈಲ' ಎಂದೆವು. "ಅಷ್ಟು ದೊಡ್ಡ ಶಬ್ದ ಹೇಳಿ ಮುಗಿಸುವಾಗ ರಿಕ್ಷಾ ಪೆರ್ಲ ತಲಪಿರ್ತದೆ" ಎಂದರು ಅವರು. ಹುಡುಗಿ, ವಿಜ್ಞಾನ ಪಾಠದ ಬಲದಿಂದ, 'ಪುನಃ ಭಟ್ಟಿ ಇಳಿಸಿದ ಎಣ್ಣೆ' ಎಂದಳು. "ಅಂಗಡಿಯಲ್ಲಿ ಅದನ್ನು ಕೇಳಿದರೆ ಅಬಕಾರಿಯವರು ಬರ್ತಾರೆ ಮಗಾ" ಎಂದು ತಂದೆ ನಕ್ಕರು. ಆ ಮನೆಯಲ್ಲಿ ಅಂದು ಮೊದಲ ಸಲ ನಗು ಕೇಳಿದೆವು. ಕಡೆಗೆ 'ಮರುಶುದ್ಧ ಎಣ್ಣೆ' ಎಂದು ನಿಶ್ಚಯವಾಯಿತು. ಯಾವ ನಿಘಂಟಿನಲ್ಲೂ ಇರಲಿಕ್ಕಿಲ್ಲ. ನಮ್ಮ ರಿಕ್ಷಾ ನಿಲ್ದಾಣದಲ್ಲಿ ಚಲಾವಣೆಯಲ್ಲಿದೆ.

ಅಂದೇ ಅವರು ಇನ್ನೊಂದು ಕೆಲಸವನ್ನೂ ವಹಿಸಿದರು. ಡಬ್ಬಿ ಕೊಳ್ಳುವಾಗ ಏನು ನೋಡಬೇಕೆಂದು ಒಂದು ಚೀಟಿಯಲ್ಲಿ ಬರೆದುಕೊಡಬೇಕು, ರಿಕ್ಷಾದ ಗಾಜಿನ ಒಳಗೆ ಅಂಟಿಸಲಿಕ್ಕೆ. ಒಂದು ವಾರ ಮೇಸ್ತ್ರಿಗಳ ಬಳಿ ಪಾಠ ಹೇಳಿಸಿಕೊಂಡು ಬರೆದೆವು. ಮೇಸ್ತ್ರಿಗಳದ್ದು ಒಳ್ಳೆಯ ಪಾಠ. ಎಣ್ಣೆ ಕಪ್ಪಾದ ಮಾತ್ರಕ್ಕೆ ಕೆಟ್ಟಿತೆಂದು ಹೇಳಬಾರದಂತೆ; ಡೀಸೆಲ್ ಎಂಜಿನಿನಲ್ಲಿ ಒಳ್ಳೆಯ ಎಣ್ಣೆಯೂ ಬೇಗನೆ ಕಪ್ಪಾಗುತ್ತದೆ, ಮಸಿಯನ್ನು ತಾನು ಹೊತ್ತುಕೊಳ್ಳುವುದೇ ಅದರ ಕೆಲಸ. ಹಾಗೆಯೇ ಬಂಗಾರದ ಬಣ್ಣ ಕಂಡು ಮೋಸಹೋಗಲೂ ಬಾರದು.

ಡಬ್ಬಿಯ ಮೇಲೆ 20ಡಬ್ಲ್ಯು-40, 15ಡಬ್ಲ್ಯು-40 ಎಂದೆಲ್ಲ ಇರುತ್ತದಲ್ಲ, ಅದು ಎಣ್ಣೆಯ ಮಂದ. ಡಬ್ಲ್ಯು ಎಂದರೆ ಇಂಗ್ಲಿಷಿನ ಚಳಿಗಾಲ. ಅದರ ಹಿಂದಿನ ಅಂಕೆ ಚಳಿಯಲ್ಲಿ ಎಣ್ಣೆ ಹೇಗೆ ಹರಿಯುತ್ತದೆಂಬುದನ್ನೂ, ಮುಂದಿನ ಅಂಕೆ ಎಂಜಿನು ಕಾದಾಗ ಎಷ್ಟು ಮಂದವಿರುತ್ತದೆಂಬುದನ್ನೂ ಹೇಳುತ್ತದೆ. (ಕಾಸರಗೋಡಿನ ಚಳಿಗೆ ಮೊದಲನೆಯದರ ಚಿಂತೆ ಅಷ್ಟಿಲ್ಲ, ನಮ್ಮಲ್ಲಿ ಶಾಲು ಹೊದೆಯುವುದು ಸನ್ಮಾನಕ್ಕೆ ಮಾತ್ರ.) ಎಪಿಐ ಎಂಬ ಅಕ್ಷರಗಳ ಮುಂದೆ ಎಸ್‌ನಿಂದ ಆರಂಭವಾಗುವ ದರ್ಜೆ ಪೆಟ್ರೋಲ್ ಎಂಜಿನಿಗೆ, ಸಿಯಿಂದ ಆರಂಭವಾಗುವುದು ಡೀಸೆಲಿಗೆ. ಬೈಕಿಗಾದರೆ ಜಾಸೊ ಎಂಎ ಎಂಬ ಗುರುತೂ ಬೇಕು. ಹೆಚ್ಚಿನ ಬೈಕುಗಳ ಕ್ಲಚ್ ಅದೇ ಎಣ್ಣೆಯಲ್ಲಿ ಮುಳುಗಿರುತ್ತದೆ. ಕೆಲವು ಕಾರಿನ ಎಣ್ಣೆಗಳಲ್ಲಿ ಜಾರಿಕೆಯ ಮದ್ದು ಹೆಚ್ಚು, ಅದನ್ನು ಹಾಕಿದರೆ ಕ್ಲಚ್ ಹಿಡಿಯದೆ ಜಾರುತ್ತದೆ. ವಾಹನದ ಪುಸ್ತಕದಲ್ಲಿ ಯಾವ ಗುರುತು ಹೇಳಿದೆಯೋ ಆ ಗುರುತು ಡಬ್ಬಿಯಲ್ಲಿ ಇದ್ದು, ತಯಾರಿಸಿದವರ ವಿಳಾಸ, ತಾರೀಕು, ಒಡೆಯದ ಮುದ್ರೆ ಇದ್ದರೆ, ಅದು ಮರುಶುದ್ಧವಾಗಲಿ, ರಿಯಾಯಿತಿಯಲ್ಲಿ ಸಿಕ್ಕಿದ್ದಾಗಲಿ, ಹೆಸರು ಕೇಳದ ಕಂಪೆನಿಯದ್ದಾಗಲಿ, ಹೆದರಬೇಕಾಗಿಲ್ಲ. ಹೆಸರಾಂತ ಡಬ್ಬಿಯ ಬೆಲೆಯಲ್ಲಿ ಕ್ರಿಕೆಟ್ ಆಟದ ನಡುವಿನ ಜಾಹೀರಾತಿನ ಖರ್ಚೂ ಸೇರಿರುತ್ತದೆಂದು ನಮ್ಮ ಅನುಮಾನ. ಗುರುತಿಲ್ಲದ ಪೀಪಾಯಿಯದ್ದನ್ನು ಪುಕ್ಕಟೆ ಕೊಟ್ಟರೂ ಬೇಡ. ಇನ್ನೊಂದು: ಖಾಲಿ ಡಬ್ಬಿಯನ್ನು ತೂತು ಮಾಡದೆ ಗುಜರಿಗೆ ಹಾಕಬಾರದು. ಅದೇ ಡಬ್ಬಿಗೆ ಕರಿ ಎಣ್ಣೆ ತುಂಬಿ ಇನ್ನೊಬ್ಬ ರಿಕ್ಷಾದವರಿಗೆ ಮಾರುವವರಿದ್ದಾರೆ.

ಚೀಟಿಯ ಒಂದು ಬದಿ ಕನ್ನಡ, ಇನ್ನೊಂದು ಬದಿ ಮಲಯಾಳ. ನಿಲ್ದಾಣದಲ್ಲಿ ಈಗ ಹನ್ನೊಂದು ರಿಕ್ಷಾಗಳಲ್ಲಿ ಅದು ಇದೆ. ನಮ್ಮ ಬರಹಗಳಲ್ಲಿ ಇಷ್ಟು ಓದುಗರು ದೊರೆತದ್ದು ಬೇರೆ ಯಾವುದಕ್ಕೂ ಇಲ್ಲ.

ಇಷ್ಟೆಲ್ಲ ತಿಳಿದ ಮೇಲೆ ನಮ್ಮ ಮನೆಯ ಹಿತ್ತಿಲಿನ ಕಡೆ ನೋಡದಿರಲು ಆಗಲಿಲ್ಲ. ಇದನ್ನು ಬರೆಯಲು ರಿಕ್ಷಾದ ಕಥೆಗಿಂತ ಹೆಚ್ಚು ನಾಚಿಕೆ. ವರ್ಷಗಟ್ಟಲೆ ನಾವು ಬೈಕಿನ ಎಣ್ಣೆಯನ್ನು ಮನೆಯಲ್ಲೇ ಬದಲಾಯಿಸುತ್ತಿದ್ದೆವು, ಕೂಲಿ ಉಳಿಯಲೆಂದು. ಇಳಿಸಿದ ಕರಿ ಎಣ್ಣೆಯಲ್ಲಿ ಸ್ವಲ್ಪವನ್ನು ಗೆದ್ದಲು ಹಿಡಿಯದಂತೆ ಹಟ್ಟಿಯ ಕಂಬಕ್ಕೂ ಬೇಲಿಯ ಗೂಟಕ್ಕೂ ಬಳಿದು, ಉಳಿದದ್ದನ್ನು ಗುಡ್ಡೆಯ ಬದಿಯಲ್ಲಿ ಚೆಲ್ಲುತ್ತಿದ್ದೆವು. ನೀರಿಗೆ ನಾವು ನಂಬಿರುವುದು ಅದೇ ಗುಡ್ಡೆಯನ್ನು ಕೊರೆದ ಸುರಂಗವನ್ನು. ಸುರಂಗವೆಂದರೆ ಏನೆಂದು ನಮ್ಮ ಮಕ್ಕಳಿಗೆ ಹೇಳಬೇಕಾಗಿಲ್ಲ. ಮುರಕಲ್ಲು ಮಳೆಯನ್ನು ಹೀರಿ, ಹನಿಹನಿಯಾಗಿ ಬಿಟ್ಟು, ಬೇಸಗೆಯಲ್ಲೂ ಮನೆ ನಡೆಸುತ್ತದೆ. ಮೇಲೆ ಚೆಲ್ಲಿದ್ದನ್ನೂ ಅದು ಹೀರಬಹುದೆಂದು ನಮಗೆ ತೋಚಿರಲಿಲ್ಲ. ಒಂದು ಮಳೆಗಾಲದಲ್ಲಿ ತೋಟದ ಕೆಳಗಿನ ಕೆರೆಯ ನೀರಿನ ಮೇಲೆ ಕಾಮನಬಿಲ್ಲು ಮೂಡಿತ್ತು. ಚಂದವಾಗಿಯೇ ಇತ್ತು. ದನ ಮೂಸಿ ಮುಖ ತಿರುಗಿಸಿತು. "ಏನೋ ಪಾಚಿ ಇರಬೇಕು" ಎಂದೆವು. ನಮ್ಮ ಮನೆಯವರು ಏನೂ ಹೇಳದೆ ದನವನ್ನು ಬೇರೆ ಕಡೆಗೆ ಕರೆದೊಯ್ದರು. ಒಂದು ಲೀಟರ್ ಕರಿ ಎಣ್ಣೆ ಹತ್ತು ಲಕ್ಷ ಲೀಟರ್ ನೀರನ್ನು ಕೆಡಿಸಬಲ್ಲದು ಎಂದು ಆಮೇಲೆ ಓದಿದಾಗ ಆ ದನದ ಮುಖ ನೆನಪಾಯಿತು. ಗೇರು ತೋಟಗಳಿಗೆ ಸುರಿದ ಎಂಡೋಸಲ್ಫಾನಿನ ಫಲವನ್ನು ಎಣ್ಮಕಜೆಯ ಮಕ್ಕಳಲ್ಲಿ ಕಂಡ ನಾಡಿನವರು ನಾವು. ನಮಗೆ ಇಷ್ಟು ತಿಳಿಯದೆ ಹೋಯಿತು.

ಈಗ ಇಳಿಸಿದ ಎಣ್ಣೆಯನ್ನು ಡಬ್ಬಿಯಲ್ಲೇ ತುಂಬಿ ಮೇಸ್ತ್ರಿಗಳ ಡ್ರಮ್ಮಿಗೆ ಹಾಕಿ ಬರುತ್ತೇವೆ. ನೀರು, ಬ್ರೇಕಿನ ಎಣ್ಣೆ, ಸೀಮೆಎಣ್ಣೆ ಯಾವುದೂ ಅದರಲ್ಲಿ ಬೆರೆಯಬಾರದು. ಉಪಯೋಗಿಸಿದ ಎಣ್ಣೆ ಅಧಿಕೃತ ಮರುಶುದ್ಧಿಗಾರರಿಗೇ ಹೋಗಬೇಕೆಂಬುದು ಕಾನೂನು. ಅಪಾಯಕಾರಿ ತ್ಯಾಜ್ಯದ ನಿಯಮಗಳಿಗೆ 2023ರಲ್ಲಿ ಮಾಡಿದ ತಿದ್ದುಪಡಿಯಂತೆ, 2024ರ ಎಪ್ರಿಲ್ 1ರಿಂದ ಎಣ್ಣೆ ತಯಾರಿಸುವ ಕಂಪೆನಿಗಳಿಗೂ ಹಳೆಯ ಎಣ್ಣೆಯ ಮರುಬಳಕೆಯ ಹೊಣೆ ಬಂದಿದೆ. ಮೇಸ್ತ್ರಿಗಳು ಹೆದ್ದಾರಿಯ ಪೀಪಾಯಿಯವರಿಗೆ ಕೊಡುವುದನ್ನು ನಿಲ್ಲಿಸಿದ್ದಾರೆ. ಎರಡು ಕಾಸು ಕಡಿಮೆ ಸಿಗುತ್ತದೆಂದು ಗೊಣಗುತ್ತಾರೆ, ಆದರೂ ನಿಲ್ಲಿಸಿದ್ದಾರೆ.

2025ರ ಜನವರಿಯಲ್ಲಿ ನಾವು ಮಂಗಳೂರಿನಿಂದ ಎರಡು ಡಬ್ಬಿ ಮರುಶುದ್ಧ ಎಣ್ಣೆ ತರಿಸಿದೆವು, ಗುರುತುಗಳನ್ನೆಲ್ಲ ಓದಿ. ಒಂದು ನಮ್ಮ ಬೈಕಿಗೆ, ಜಾಸೊ ಎಂಎ ಇದ್ದದ್ದು, ಇನ್ನೊಂದು ಡೀಸೆಲಿನದು. ಎರಡನೆಯದನ್ನು ರಿಕ್ಷಾದವರಿಗೆ ಕೊಡಹೋದಾಗ ಅವರು ಡಬ್ಬಿಯನ್ನು ತಿರುಗಿಸಿ ತಿರುಗಿಸಿ, ಚೀಟಿಯ ಪಕ್ಕದಲ್ಲಿ ಹಿಡಿದು ಓದಿದರು. ಎಲ್ಲ ಸರಿಯಿತ್ತು.

"ಮೊದಲು ನಿಮ್ಮ ಬೈಕು ಓಡ್ಲಿ ಮಾಸ್ಟ್ರೇ" ಎಂದು ಹಿಂದೆ ಕೊಟ್ಟರು.

ನ್ಯಾಯವಾದ ಮಾತು. ನಮ್ಮ ಬೈಕು ಆ ಎಣ್ಣೆಯಲ್ಲಿ 3,000 ಕಿಲೋಮೀಟರ್ ಓಡಿತು. ಬದಲಾಯಿಸಿ ಮತ್ತೆ ಅದನ್ನೇ ಹಾಕಿದ್ದೇವೆ. ಅವರ ಮಗಳು ಈಗ ಹತ್ತನೆಯ ತರಗತಿಯಲ್ಲಿದ್ದಾಳೆ, ಕಿವಿಯಲ್ಲಿ ಓಲೆಯಿದೆ. ಬೆಳಿಗ್ಗೆ ಮಕ್ಕಳನ್ನು ಗೇಟಿನಲ್ಲಿ ಇಳಿಸಿ ಅವರು ರಿಕ್ಷಾ ತಿರುಗಿಸುವ ಹೊತ್ತಿಗೆ ನಾವೂ ತಲಪುತ್ತೇವೆ. ಆಗ ತಮ್ಮ ಎಂಜಿನು ಆರಿಸಿ, ಒಂದು ಕೈ ಎತ್ತಿ ನಮ್ಮನ್ನು ನಿಲ್ಲಿಸುತ್ತಾರೆ. ನಾವು ಬೈಕನ್ನು ಆರಿಸದೆ ನಿಲ್ಲುತ್ತೇವೆ. ಸೀಟಿನಿಂದ ಸ್ವಲ್ಪ ಬಾಗಿ, ತಲೆ ವಾಲಿಸಿ, ಅದರ ಸದ್ದನ್ನು ಕೇಳುತ್ತಾರೆ. ಆಮೇಲೆ ಏನೂ ಹೇಳದೆ ಬಾಡಿಗೆಗೆ ಹೋಗುತ್ತಾರೆ. ಡೀಸೆಲಿನ ಡಬ್ಬಿ ಇನ್ನೂ ನಮ್ಮ ಮನೆಯ ಅಟ್ಟದಲ್ಲಿದೆ.